ದಿನಕ್ಕೆ 1,200 ಪಾರ್ಸೆಲ್, ರೇಟು 31 ರೂಪಾಯಿ: ಈ ಕಾಂಟ್ರಾಕ್ಟ್ ಹಿಡಿಯಬಹುದೇ?

ಹುಬ್ಳಿ_ಪಾರ್ಸೆಲ್:
ನಮ್ಮದು ಹುಬ್ಬಳ್ಳಿ-ಧಾರವಾಡದೊಳಗೆ ಮನೆಮನೆ ಡೆಲಿವರಿ. 16 ರೈಡರ್‌ಗಳು, ದಿನಕ್ಕೆ ಸುಮಾರು 900 ಪಾರ್ಸೆಲ್, ಸರಾಸರಿ ರೇಟು 46 ರೂ. ಈಗ ಒಂದು ಆನ್‌ಲೈನ್ ಮಾರಾಟದ ಕಂಪನಿ ದಿನಕ್ಕೆ 1,200 ಪಾರ್ಸೆಲ್ ಕೊಡ್ತೀವಿ ಅಂತಿದೆ. ಮುಟ್ಟಿಸಿದರೆ 31 ರೂ., ಗ್ರಾಹಕರು ತಗೊಳ್ಳದೆ ಕಳಿಸಿದವರಿಗೇ ವಾಪಸ್ ಹೋದರೆ (ಆರ್‌ಟಿಓ, ಅಂದರೆ ರಿಟರ್ನ್ ಟು ಒರಿಜಿನ್) 15 ರೂ. ಬಹುಪಾಲು ಕ್ಯಾಶ್ ಆನ್ ಡೆಲಿವರಿ (ಸಿಓಡಿ). ಎರಡು ವರ್ಷದ ಕರಾರು, ಬಿಲ್ ಕೊಟ್ಟ 60 ದಿನಕ್ಕೆ ಹಣ. ಹೆಚ್ಚುವರಿ ಖರ್ಚು ಪಾರ್ಸೆಲ್‌ಗೆ 24 ರೂ., 7 ರೂ. ಉಳಿಯುತ್ತದೆ ಅನ್ನೋದು ಅಕೌಂಟೆಂಟ್ ಲೆಕ್ಕ. ಸರಿ ಇದೆಯಾ?

ರೂಟ್_ಶೀಟ್:
ಎರಡು ಕಡೆ ತಪ್ಪಿದೆ. ಮೊದಲು ಆದಾಯ. ಸಿಓಡಿಯಲ್ಲಿ ನೂರಕ್ಕೆ 20 ವಾಪಸ್ ಅಂತ ಹಿಡಿಯಿರಿ. 80×31, 20×15, ಒಟ್ಟು 2,780. ಅಂದರೆ ನಿಮ್ಮ ನಿಜವಾದ ರೇಟು 27.80 ರೂ., 31 ಅಲ್ಲ.

ಇನ್ನು ಖರ್ಚು. ಪಾರ್ಸೆಲ್ ಎಣಿಸಬೇಡಿ, ಅಟೆಂಪ್ಟ್ ಎಣಿಸಿ, ಅಂದರೆ ರೈಡರ್ ಒಂದು ಪಾರ್ಸೆಲ್ ಹಿಡಿದು ಎಷ್ಟು ಸಲ ಮನೆಗೆ ಹೋದ ಅನ್ನೋದನ್ನ. ನೂರರಲ್ಲಿ 65 ಮೊದಲ ಸಲಕ್ಕೇ ಮುಟ್ಟುತ್ತವೆ. ಉಳಿದ 35ಕ್ಕೆ ಮರುದಿನ ಹೋದರೆ 15 ಮುಟ್ಟುತ್ತವೆ. ಮಿಕ್ಕ 20ಕ್ಕೆ ಮೂರನೇ ಸಲವೂ ಹೋಗಿ ಬರಿಗೈಲಿ ಬರಬೇಕು. ಒಟ್ಟು 155 ಅಟೆಂಪ್ಟ್. ಸಂಬಳ, ಪೆಟ್ರೋಲ್, ಪಿಎಫ್ ಎಲ್ಲ ಸೇರಿ ರೈಡರ್‌ಗೆ ತಿಂಗಳಿಗೆ 28,000 ಬಿದ್ದು, 26 ದಿನ, ದಿನಕ್ಕೆ 75 ಅಟೆಂಪ್ಟ್ ಮಾಡಿದರೆ ಒಂದಕ್ಕೆ ಸುಮಾರು 14 ರೂ. 155×14 ಅಂದರೆ 2,170. ಪಾರ್ಸೆಲ್‌ಗೆ ಉಳಿಯೋದು 6.10. ಅದರಲ್ಲೇ ಪಾರ್ಸೆಲ್ ವಿಂಗಡಿಸುವ ಸಾರ್ಟಿಂಗ್, ಹಬ್ (ಪಾರ್ಸೆಲ್ ಬಂದಿಳಿಯುವ ಜಾಗ) ಬಾಡಿಗೆ, ಕ್ಯಾಶ್ ಎಣಿಸಿ ಕಟ್ಟುವ ಆಳು, ಕಳೆದುಹೋದ ಮಾಲಿಗೆ ಬಿಲ್‌ನಲ್ಲಿ ಮುರಿಯುವ ಡೆಬಿಟ್ ನೋಟ್ ಎಲ್ಲ ನಡೀಬೇಕು.

ನಿಮ್ಮ 16 ಜನಕ್ಕೆ ಈಗ ಖಾಲಿ ಇರೋದು ಹೆಚ್ಚೆಂದರೆ 300 ಅಟೆಂಪ್ಟ್. 1,200 ಪಾರ್ಸೆಲ್ ಅಂದರೆ ದಿನಕ್ಕೆ 1,860. ಇನ್ನೂ 21 ರೈಡರ್ ಬೇಕು. ಅಕೌಂಟೆಂಟ್ ಹೇಳಿದ 24 ಬಹುಶಃ ಒಂದೇ ಸಲಕ್ಕೆ ಮುಟ್ಟುವ ಪಾರ್ಸೆಲ್‌ನದು.

ಜಿಎಸ್‌ಟಿ_ಗುಮಾಸ್ತ:
ಲಾಭ ಆಮೇಲೆ, ಮೊದಲು ಕೈಯಲ್ಲಿ ದುಡ್ಡು ಇರಬೇಕಲ್ಲ. ತಿಂಗಳ ಬಿಲ್ ಸುಮಾರು 8.67 ಲಕ್ಷ, ಅದರ ಮೇಲೆ 18% ಜಿಎಸ್‌ಟಿ 1.56 ಲಕ್ಷ. ಕಂಪನಿ ಹಣ ಕೊಡಲಿ ಬಿಡಲಿ, ಮುಂದಿನ ತಿಂಗಳ 20ರೊಳಗೆ ಆ ತೆರಿಗೆ ನೀವು ಕಟ್ಟಲೇಬೇಕು. ಏಪ್ರಿಲ್ ಕೆಲಸದ ಹಣ ಜೂನ್ ಕೊನೆಗೆ ಬರುತ್ತದೆ. ಅಷ್ಟರಲ್ಲಿ 21 ಹೊಸ ರೈಡರ್‌ಗಳ ಮೂರು ತಿಂಗಳ ಖರ್ಚು 17.6 ಲಕ್ಷ, ಎರಡು ಸಲದ ಜಿಎಸ್‌ಟಿ 3.1 ಲಕ್ಷ. ಹತ್ತಿರ ಹತ್ತಿರ 21 ಲಕ್ಷ ಸಾಲ ಮಾಡಿ ಅವರ ವ್ಯಾಪಾರ ನಡೆಸಿದ ಹಾಗೆ. ಆ ಬಡ್ಡಿ ನಿಮ್ಮ 24 ರೂ. ಖರ್ಚಿನ ಲೆಕ್ಕದಲ್ಲಿ ಇದೆಯಾ?

ಮೈಕ್ರೋ ಅಥವಾ ಸ್ಮಾಲ್ ಅಂತ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ. ಆಮೇಲೆ ಕರಾರಿನಲ್ಲಿ 60 ಅಂತ ಬರೆದಿದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಆಗಿದೆ: ಹಾಗೆ ತಡ ಮಾಡಿದ ಬಾಕಿಯನ್ನು ನಿಜಕ್ಕೂ ಪಾವತಿ ಮಾಡಿದ ವರ್ಷದಲ್ಲೇ ಅವರು ಖರ್ಚು ಅಂತ ತೋರಿಸಬಹುದು. ಹಾಗಾಗಿ 45ಕ್ಕೆ ಒಪ್ಪಿಸೋದು ಕಷ್ಟವಲ್ಲ.

ಹಬ್_ಮ್ಯಾನೇಜರ್:
ದೊಡ್ಡ ಗಿರಾಕಿ ಅಂದರೆ ನಷ್ಟ ಅಂತಲ್ಲ. ಒಂದೇ ಓಣಿಯಲ್ಲಿ ಎಂಟು ಪಾರ್ಸೆಲ್ ಇದ್ದರೆ ರೈಡರ್‌ಗೆ ದಿನಕ್ಕೆ 75 ಅಟೆಂಪ್ಟ್ ಜಾಗದಲ್ಲಿ 100 ಆಗುತ್ತದೆ, ಆಗ 31 ರೂಪಾಯಿಯೂ ಒಳ್ಳೆ ರೇಟು. ಕಳೆದ ಮೂರು ತಿಂಗಳ ಪಿನ್‌ಕೋಡ್‌ವಾರು ಡೇಟಾ ಕೇಳಿ, ಕೊಡದಿದ್ದರೆ ಸಹಿ ಹಾಕಬೇಡಿ. ಊರೊಳಗಿನ ವಿದ್ಯಾನಗರ, ಕೇಶ್ವಾಪುರಕ್ಕೆ ಒಂದು ರೇಟು, ಊರಾಚೆಯ ಕಲಘಟಗಿ, ನವಲಗುಂದಕ್ಕೆ ಬೇರೆ ರೇಟು.

ವಾಲ್ಯೂಮೆಟ್ರಿಕ್ ತೂಕವನ್ನೂ (ಡಬ್ಬಿಯ ಗಾತ್ರದಿಂದ ಲೆಕ್ಕ ಹಾಕುವ ತೂಕ) ಕರಾರಿನಲ್ಲಿ ಬರೆಸಿ. 30×25×20 ಸೆಂ.ಮೀ. ಡಬ್ಬಿಯೊಳಗೆ 800 ಗ್ರಾಂ ಮಾಲಿದ್ದರೂ 5000ರಿಂದ ಭಾಗಿಸಿದರೆ ಅದು 3 ಕೆ.ಜಿ. ಬೈಕಿನ ಬ್ಯಾಗ್ ತುಂಬೋದು ಡಬ್ಬಿಯ ಗಾತ್ರದಿಂದ. ಹಬ್ಬದ ಸೇಲ್‌ನಲ್ಲಿ ಇಂಥ ಡಬ್ಬಿಗಳೇ ಬಂದರೆ ರೈಡರ್ ಮಧ್ಯಾಹ್ನ ಮತ್ತೆ ಹಬ್‌ಗೆ ಬರಬೇಕು. ಆವಾಗಲೇ ಮನೆಗೆ ಹೋಗದೆ ‘ಗ್ರಾಹಕರು ಸಿಗಲಿಲ್ಲ’ ಅಂತ ಆ್ಯಪ್‌ನಲ್ಲಿ ಒತ್ತೋದು ಶುರುವಾಗುತ್ತದೆ, ಹಿಂದೆಯೇ ಫೇಕ್ ಅಟೆಂಪ್ಟ್ ದಂಡ ಬರುತ್ತದೆ.

ರೂಟ್_ಶೀಟ್:
ಇನ್ನೊಂದು, ಒಬ್ಬರೇ ಗಿರಾಕಿ ಎಷ್ಟು ಪಾಲು ಅನ್ನೋದು. ಎಕಾಮ್ ಎಕ್ಸ್‌ಪ್ರೆಸ್ ಅನ್ನೋ ಡೆಲಿವರಿ ಕಂಪನಿಗೆ ಆನ್‌ಲೈನ್ ಮಾರಾಟದ ಮೀಶೋನೇ ಅತಿ ದೊಡ್ಡ ಗಿರಾಕಿ ಆಗಿತ್ತು. ಮೀಶೋ ತನ್ನದೇ ವಾಲ್ಮೋ ಡೆಲಿವರಿ ಜಾಲಕ್ಕೆ ಆರ್ಡರ್ ತಿರುಗಿಸಿತು; 2025ರಲ್ಲಿ ಎಕಾಮ್ ಸುಮಾರು 1,400 ಕೋಟಿಗೆ ಡೆಲ್ಹಿವರಿ (Delhivery) ಅನ್ನೋ ಪ್ರತಿಸ್ಪರ್ಧಿ ಕಂಪನಿಯ ಪಾಲಾಯಿತು. ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ಗೆ ಅಮೆಜಾನ್‌ನಿಂದ ಆದಾಯದ ಶೇ. 12ರಷ್ಟು ಬರುತ್ತಿತ್ತು, ಆದರೂ ಲಾಭ ಸಾಲದು ಅಂತ ಆ ಪಾರ್ಸೆಲ್‌ಗಳನ್ನು ಅರ್ಧಕ್ಕಿಂತ ಹೆಚ್ಚು ಇಳಿಸುತ್ತೇವೆ ಎಂದು 2025ರ ಜನವರಿಯಲ್ಲಿ ತಾನೇ ಘೋಷಿಸಿತು. ನಿಮಗೆ ಈ ಗಿರಾಕಿ ಎಣಿಕೆಯಲ್ಲಿ ಅರ್ಧ ದಾಟುತ್ತಾನೆ. ಅವನು ಬಿಟ್ಟರೂ ಕಷ್ಟ, ನೀವು ಬಿಟ್ಟರೂ ಕಷ್ಟ.

ಹುಬ್ಳಿ_ಪಾರ್ಸೆಲ್:
ಹಾಗಾದರೆ ಬೇಡ ಅಂದುಬಿಡಲಾ?

ರೂಟ್_ಶೀಟ್:
ಬೇಡ ಅನ್ನಬೇಡಿ, ದಿನಕ್ಕೆ 190 ಮಾತ್ರ ತಗೊಳ್ಳಿ, ಅದೂ ನಿಮ್ಮ ರೈಡರ್‌ಗಳು ಈಗಾಗಲೇ ಓಡಾಡುವ ಪಿನ್‌ಕೋಡ್‌ಗಳಲ್ಲಿ. 190×1.55 ಅಂದರೆ 295 ಅಟೆಂಪ್ಟ್, ಇದ್ದ ಜನರಲ್ಲೇ ಆಗುತ್ತದೆ. ಪೆಟ್ರೋಲ್, ಇನ್ಸೆಂಟಿವ್ ಬಿಟ್ಟರೆ ಹೊಸ ಖರ್ಚಿಲ್ಲ. ಮೂರು ತಿಂಗಳ ನಿಜವಾದ ಆರ್‌ಟಿಓ ನೋಡಿ. 1,200 ಬೇಕೇ ಬೇಕು ಅಂದರೆ ಒಪ್ಪಿದ ಸಂಖ್ಯೆಯ ಶೇ. 70ಕ್ಕೆ ಕನಿಷ್ಠ ಬಿಲ್ ಗ್ಯಾರಂಟಿ, ಆರ್‌ಟಿಓಗೆ 22 ರೂ., ಪೆಟ್ರೋಲ್ ದರ ಏರಿದರೆ ರೇಟು ಪರಿಷ್ಕರಣೆ, ಎರಡೂ ಕಡೆಗೆ 60 ದಿನದ ನೋಟಿಸ್ ಬರೆಸಿ. ಬೈಕ್ ಲೀಸ್ ಅವಧಿ ಆ ನೋಟಿಸ್‌ಗಿಂತ ಉದ್ದ ಇರದಂತೆ ನೋಡಿಕೊಳ್ಳಿ.