ನಾನು ಮೊಲವೋ ಡ್ರ್ಯಾಗನ್ನೋ? ದಾಖಲೆಯಲ್ಲಿ ಜೂನ್ 1, ಹುಟ್ಟಿದ್ದು ಗವಿಮಠದ ತೇರಿನ ದಿನ

ಬಾಬಿನ್‌ದಾರ, ಬಳ್ಳಾರಿ

ನಮಸ್ಕಾರ್ರಿ ಎಲ್ಲರಿಗೂ. ಬಳ್ಳಾರಿ ಕೌಲ್ ಬಜಾರ್‌ನಲ್ಲಿ ನಂದೊಂದು ಸಣ್ಣ ಎಂಬ್ರಾಯ್ಡರಿ ಕೆಲಸ. ಜೀನ್ಸ್ ಯೂನಿಟ್‌ನವರು ಪ್ಯಾಂಟಿನ ಜೇಬು, ಜಾಕೆಟ್‌ನ ಬೆನ್ನು ಕಳಿಸುತ್ತಾರೆ, ಅದರ ಮೇಲೆ ಡಿಸೈನ್ ಹೊಡೆದು ಕೊಡುತ್ತೇನೆ. ಊರು ಕೊಪ್ಪಳದ ಹತ್ತಿರ.

ಮಷಿನ್‌ನ ಬಿಡಿ ಸಾಮಾನು ಚೀನಾದ ಒಬ್ಬ ಹೆಣ್ಣುಮಗಳಿಂದ ತರಿಸುತ್ತೇನೆ. ಐದು ವರ್ಷದಿಂದ ಫೋನಿನಲ್ಲೇ ವ್ಯವಹಾರ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಈ ಫೆಬ್ರವರಿ 17ಕ್ಕೆ ಅವರ ಹೊಸ ವರ್ಷ ಬಂತು. ಅವರಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿಯ ಹೆಸರಂತೆ, ಹುಟ್ಟಿದ ವರ್ಷದ್ದೇ ನಮ್ಮ ಪ್ರಾಣಿ. ಆಯಮ್ಮ ಒಂದು ಕುದುರೆ ಚಿತ್ರ ಕಳಿಸಿ, ನಿಮ್ಮ ಪ್ರಾಣಿ ಯಾವುದು ಅಂತ ಕೇಳಿದರು. ಗೂಗಲ್‌ನಲ್ಲಿ 1988 ಅಂತ ಹಾಕಿದೆ. ಡ್ರ್ಯಾಗನ್ ಅಂತ ಬಂತು. ಎದೆ ಉಬ್ಬಿತು ಅಂದ್ರೆ ಸುಳ್ಳಲ್ಲ. ಅವತ್ತೇ ರಾತ್ರಿ ನನ್ನ ಹಳೆ ಜಾಕೆಟ್‌ನ ಬೆನ್ನ ಮೇಲೆ ಡ್ರ್ಯಾಗನ್ ಹೊಡೆದೆ. 42 ಸಾವಿರ ಸ್ಟಿಚ್. ಗಿರಾಕಿ ಮಾಲು ಬದಿಗಿಟ್ಟು ಮಷಿನ್ ಒಂದು ತಾಸಿನ ಮೇಲೆ ನನ್ನ ಸೇವೆ ಮಾಡಿತು.

ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ. "ಹಾವಿಗೆ ಕಾಲು ಯಾಕ ಹಚ್ಚೀದಿ?" ಅಂದಳು. ಇದು ನಾನು ಹುಟ್ಟಿದ ವರ್ಷದ ಪ್ರಾಣಿ ಅಂತ ಹೇಳಿದ್ದೇ ತಪ್ಪಾಯಿತು. ನನ್ನ ಮಾರ್ಕ್ಸ್ ಕಾರ್ಡ್‌ನಲ್ಲಿ ಇರುವುದು 1-6-1988. ಶಾಲೆಗೆ ಹಚ್ಚುವಾಗ ಹೆಡ್‌ಮಾಸ್ತರು ಬರೆದದ್ದು. ನಮ್ಮ ಕ್ಲಾಸಿನ ಅರ್ಧ ಮಂದಿ ಜೂನ್ 1ಕ್ಕೇ ಹುಟ್ಟಿದವರು, ನಿಮಗೂ ಗೊತ್ತಿರುವ ಕಥೆನೇ. ಅವ್ವ ಹೇಳಿದ್ದು ಬೇರೆ: "ನೀ ಗವಿಮಠದ ತೇರು ಎಳಿಯೋ ದಿನ ಹುಟ್ಟೀಯಪ್ಪಾ. ಆ ವರ್ಷ ಮಳಿ ಕೈಕೊಟ್ಟಿತ್ತು. ಮನ್ಯಾಗ ಜೋಳ ಇದ್ದಿಲ್ಲ." ಇಸ್ವಿ ಮಾತ್ರ 88 ಖರೆ, ಅಪ್ಪ ತೊಲೆ ಮೇಲೆ ಸುಣ್ಣದಲ್ಲಿ ಬರೆದಿದ್ದ.

ಈಗ ಒಂದು ವೆಬ್‌ಸೈಟ್ ಮೊಲ ಅನ್ನುತ್ತದೆ, ಇನ್ನೊಂದು ಡ್ರ್ಯಾಗನ್ನೇ ಅನ್ನುತ್ತದೆ. ಯಾವುದು ಸರಿ? ಭವಿಷ್ಯ ನಂಬಿ ಕೇಳುತ್ತಿಲ್ಲ. ಆಯಮ್ಮನಿಗೆ ಸುಳ್ಳು ಹೇಳಿದ ಹಾಗಾಯಿತಲ್ಲ ಅಂತ. ಇನ್ನೊಂದು ಮಾತು. ನನ್ನ ಹೆಂಡತಿಯದು ವೃಷಭ ರಾಶಿ. ಹುಟ್ಟಿದ್ದು 1991ರ ಆಗಸ್ಟ್. ಹಾಗಾಗಿ ತನ್ನ ಪ್ರಾಣಿ ಎತ್ತೇ ಅಂತ ಅವಳ ಹಟ. ಹೌದಾ?

ಶೇಷ ಮಾಸ್ತರ್, ಸಿಂಧನೂರು

ಮಕ್ಕಳಿಗೆ ಭಾಗಾಕಾರ ಕಲಿಸೋಕೆ ನಾನು ಇದನ್ನೇ ಬಳಸುತ್ತೇನೆ. ಹುಟ್ಟಿದ ಇಸ್ವಿಯನ್ನು 12ರಿಂದ ಭಾಗಿಸಿ, ಶೇಷ ನೋಡಿ. ಶೇಷ 4 ಬಂದರೆ ಇಲಿ. ಅಲ್ಲಿಂದ ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಕುರಿ ಅಂತ 11ರವರೆಗೆ ಎಣಿಸಿ. ಶೇಷ 0 ಆದರೆ ಕೋತಿ, 1 ಹುಂಜ, 2 ನಾಯಿ, 3 ಹಂದಿ. 1988ಕ್ಕೆ ಶೇಷ 8, ಡ್ರ್ಯಾಗನ್. ನಿಮ್ಮ ಮನೆಯವರದು 1991, ಶೇಷ 11, ಕುರಿ. ಎತ್ತಲ್ಲ.

ಆದರೆ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು ಇಷ್ಟಕ್ಕೇ ನಿಲ್ಲಿಸಬಾರದು. ಚೀನಾದ ಹೊಸ ವರ್ಷ ಜನವರಿ 1ಕ್ಕೆ ಬರುವುದಿಲ್ಲ. ಜನವರಿ 21ರಿಂದ ಫೆಬ್ರವರಿ 20ರ ನಡುವಿನ ಒಂದು ಅಮಾವಾಸ್ಯೆಗೆ ಬರುತ್ತದೆ. 1988ರಲ್ಲಿ ಬಂದದ್ದು ಫೆಬ್ರವರಿ 17ಕ್ಕೆ. ಅದಕ್ಕೂ ಮುಂಚೆ ಹುಟ್ಟಿದವರೆಲ್ಲ 1987ರ ಲೆಕ್ಕಕ್ಕೆ, ಅಂದರೆ ಮೊಲ. ಕೊಪ್ಪಳದ ಗವಿಮಠದ ತೇರು ಆ ವರ್ಷ ಜನವರಿಯಲ್ಲೇ ಬಂದಿತ್ತು, ಹಾಗಾಗಿ ನೀವೂ ಮೊಲ. ಯುಗಾದಿಗೆ ಮುಂಚೆ ಹುಟ್ಟಿದ ಕೂಸಿಗೆ ನಮ್ಮಲ್ಲಿ ಹಳೆ ಸಂವತ್ಸರವನ್ನೇ ಬರೆಯುತ್ತಾರಲ್ಲ, ಥೇಟ್ ಹಾಗೇ. ನಿಮಗೆ ಡ್ರ್ಯಾಗನ್ ಅಂದ ವೆಬ್‌ಸೈಟ್ ಸುಮ್ನೆ ಇಸ್ವಿ ನೋಡಿ ಹೇಳಿದೆ.

ಸಂವತ್ಸರದ ಮಾತು ಬಂತಲ್ಲ. ನಮ್ಮದು 60 ವರ್ಷದ ಸುತ್ತು. ಅವರದೂ 60ರದೇ! 12 ಪ್ರಾಣಿ, ಪ್ರತಿಯೊಂದಕ್ಕೂ ಮರ, ಬೆಂಕಿ, ಮಣ್ಣು, ಲೋಹ, ನೀರು ಅಂತ ಐದು ಬಗೆ. ಇಸ್ವಿಯ ಕೊನೆ ಅಂಕಿ ನೋಡಿದರೆ ಸಾಕು. 4 ಮತ್ತು 5 ಮರ, 6 ಮತ್ತು 7 ಬೆಂಕಿ, 8 ಮತ್ತು 9 ಮಣ್ಣು, 0 ಮತ್ತು 1 ಲೋಹ, 2 ಮತ್ತು 3 ನೀರು. ನೀವು 87ರ ಲೆಕ್ಕ, ಅಂದರೆ ಬೆಂಕಿ ಮೊಲ. ಅವರ ಈಗಿನ ಸುತ್ತು 1984ಕ್ಕೆ ಶುರುವಾಯಿತು, ನಮ್ಮದು 1987ರ ಯುಗಾದಿಗೆ. ನೀವು ಹುಟ್ಟಿದ್ದು ಪ್ರಭವ ಸಂವತ್ಸರ, ನಮ್ಮ ಸುತ್ತಿನ ಮೊದಲನೆಯದು. ಬೇಜಾರಾಗಬೇಡಿ.

ತೇರಿನ ಗಾಲಿ, ಕೊಪ್ಪಳ

ಅಣ್ಣಾ, ನಿಮ್ಮ ಅವ್ವನ ಮಾತು ಮಾರ್ಕ್ಸ್ ಕಾರ್ಡ್‌ಗಿಂತ ಗಟ್ಟಿ. ಗವಿಸಿದ್ಧೇಶ್ವರ ಜಾತ್ರೆಯ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ, ಬನದ ಹುಣ್ಣಿಮೆ ಆದ ಕೂಡಲೇ. 1988ರಲ್ಲಿ ಬನದ ಹುಣ್ಣಿಮೆ ಜನವರಿ ಮೊದಲ ವಾರ ಬಂದಿತ್ತು. ಅವರ ಹೊಸ ವರ್ಷಕ್ಕೆ ಇನ್ನೂ ಒಂದೂವರೆ ತಿಂಗಳು ಬಾಕಿ. ಮಳೆ ಕೈಕೊಟ್ಟ ಮಾತೂ ತಾಳೆಯಾಗುತ್ತದೆ. 1987ರಲ್ಲಿ ದೇಶಕ್ಕೆ ದೇಶವೇ ಬರ.

ಇನ್ನೊಂದು ಮಜಾ ಹೇಳ್ತೀನಿ. ಪಂಚಾಂಗ ಇಟ್ಟುಕೊಂಡು ಈಚಿನ ಮೂರು ವರ್ಷ ನೋಡಿದೆ. ತೇರು 2024ರಲ್ಲಿ ಜನವರಿ 27ಕ್ಕೆ, ಚೀನಾದವರ ಹೊಸ ವರ್ಷ ಫೆಬ್ರವರಿ 10ಕ್ಕೆ. 2025ರಲ್ಲಿ ತೇರು ಜನವರಿ 15, ಅವರದು 29. ಈ ವರ್ಷ ತೇರು ಜನವರಿ 5, ಅವರದು ಫೆಬ್ರವರಿ 17. ತೇರೇ ಮುಂದು! ಯಾಕಂದ್ರೆ ಅವರ ವರ್ಷ ಶುರುವಾಗುವುದು ಪುಷ್ಯ ಅಮಾವಾಸ್ಯೆಗೆ, ತಪ್ಪಿದರೆ ಮುಂದಿನ ಅಮಾವಾಸ್ಯೆಗೆ. ಹಾಗಾಗಿ ನಮ್ಮ ತೇರಿನ ದಿನ ಹುಟ್ಟಿದವರಿಗೆ ಹಿಂದಿನ ಇಸ್ವಿಯ ಪ್ರಾಣಿಯೇ ಗಟ್ಟಿ.

ಕೆಂಪು ದಾರ, ರಾಯಚೂರು

ನಾನು ಎಂಬಿಬಿಎಸ್ ಓದಿದ್ದು ಚೀನಾದಲ್ಲಿ. ನಿಮ್ಮ ತಾಯಿಯವರ ಮಾತು ಓದಿ ನಕ್ಕು ನಕ್ಕು ಸಾಕಾಯಿತು. "ಹಾವಿಗೆ ಕಾಲು ಬರೆದಂಗೆ" ಅಂತ ಅಲ್ಲಿ ಗಾದೆಯೇ ಇದೆ. ಬೇಡದ್ದನ್ನು ಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿಕೊಂಡರು ಅಂತ ಅರ್ಥ. ಆ ಜಾಕೆಟ್ ನೆನೆಸಿಕೊಳ್ಳಿ!

ವೃಷಭಕ್ಕೂ ಅವರ ಎತ್ತಿಗೂ ಸಂಬಂಧವೇ ಇಲ್ಲ. ನಮ್ಮ ರಾಶಿ ಅಂದರೆ ಹುಟ್ಟಿದಾಗ ಚಂದ್ರ ಆಕಾಶದಲ್ಲಿ ಎಲ್ಲಿದ್ದ ಅನ್ನುವುದು. ಎರಡೂಕಾಲು ದಿನಕ್ಕೆ ಬದಲಾಗುತ್ತದೆ. ಅವರ ಪ್ರಾಣಿ ನಕ್ಷತ್ರಪುಂಜ ಅಲ್ಲ, ವರ್ಷಕ್ಕೆ ಇಟ್ಟ ಹೆಸರು. ಒಂದೇ ಕ್ಲಾಸಿನ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಒಂದೇ ಪ್ರಾಣಿ. ಅಲ್ಲಿ ಯಾರಾದರೂ ಪ್ರಾಣಿ ಕೇಳಿದರೆ ಎಷ್ಟೋ ಸಲ ವಯಸ್ಸು ಕೇಳಿದ್ದು ಅಂತಲೇ ತಿಳಿಯಬೇಕು. ಮುಖ ನೋಡಿದರೆ ಸಾಕು, ನೀವು 12 ವರ್ಷದ ಈಚೆಯವರೋ ಆಚೆಯವರೋ ಅಂತ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ನಿಮ್ಮ ಸಾಮಾನಿನವರೂ ಅದಕ್ಕೇ ಕೇಳಿರಬಹುದು. ಜಾತಕ ಹೇಳುವ ಕೆಲವರು ಫೆಬ್ರವರಿ 4ರ ಸುಮಾರಿಗೇ ವರ್ಷ ಬದಲಿಸುತ್ತಾರೆ. ಹಾಗೆ ನೋಡಿದರೂ ನೀವು ಮೊಲವೇ.

ಮೊಲ ಅಂದ್ರೆ ಅಲ್ಲಿ ಕೀಳಲ್ಲ. ಸಮಾಧಾನಿ, ಮೆತ್ತಗೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವವರು ಅನ್ನುತ್ತಾರೆ. ಚಂದ್ರನಲ್ಲಿ ಕೂತು ಔಷಧಿ ಕುಟ್ಟುವ ಮೊಲದ ಕಥೆ ಅವರದು. ನಾವೂ ಚಂದ್ರನಿಗೆ ಶಶಾಂಕ ಅನ್ನುತ್ತೇವಲ್ಲ, ಅಲ್ಲೂ ಮೊಲವೇ ಇದೆ. ಮೊಲ, ಕುರಿ, ಹಂದಿ ಈ ಮೂರೂ ಹೊಂದಿಕೊಳ್ಳುವ ಗುಂಪು. ನಾಲ್ಕು ನಾಲ್ಕು ವರ್ಷದ ಅಂತರ. ಮನೆಯವರು ಕುರಿ ಅಂದ ಮೇಲೆ ನೀವು ಮೊಲ ಆಗಿದ್ದೇ ಒಳ್ಳೆಯದಾಯಿತು. ಅವರಿಗೆ ಕುರಿ ಅನ್ನಿಸಿಕೊಳ್ಳುವುದು ಇಷ್ಟವಿಲ್ಲದಿದ್ದರೆ ಮೇಕೆ ಅನ್ನಿ. ಚೀನೀ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ.

ನನ್ನ ಹೆಸರಿನ ದಾರದ ಕಥೆಯನ್ನೂ ಹೇಳಿಬಿಡುತ್ತೇನೆ. ನಿಮ್ಮ ಪ್ರಾಣಿಯ ವರ್ಷ 12 ವರ್ಷಕ್ಕೊಮ್ಮೆ ತಿರುಗಿ ಬಂದಾಗ ಒಳ್ಳೆಯದಾಗುತ್ತದೆ ಅಂದುಕೊಂಡೀರಿ. ಅಲ್ಲಿ ಉಲ್ಟಾ, ಅದು ಎಚ್ಚರದ ವರ್ಷ. ಕೆಂಪು ದಾರ, ಕೆಂಪು ಬೆಲ್ಟ್, ಒಳಗೆ ಕೆಂಪು ಬಟ್ಟೆ ತೊಡುತ್ತಾರೆ. ಹಾಸ್ಟೆಲ್‌ನಲ್ಲಿ ನನಗೂ ಒಬ್ಬಳು ಕಟ್ಟಿದ್ದಳು. ನಮ್ಮ ಉಡದಾರವೇ ಅನ್ನಿ.

ಸುಮ್ನೆ ಒಬ್ಬ, ಗಂಗಾವತಿ

ಒಂದೇ ವರ್ಷ ಹುಟ್ಟಿದ ಕೋಟಿಗಟ್ಟಲೆ ಜನಕ್ಕೆ ಒಂದೇ ಸ್ವಭಾವ. ಇದನ್ನು ಓದಿದವರೂ ಕೂತು ಚರ್ಚೆ ಮಾಡ್ತೀರಲ್ಲ. 1966 ಬೆಂಕಿ ಕುದುರೆ ವರ್ಷ ಅಂತ ಜಪಾನಿನಲ್ಲಿ ಹೆಣ್ಣು ಕೂಸಿಗೆ ಹೆದರಿ ಮಕ್ಕಳನ್ನೇ ಹೆರಲಿಲ್ಲ. ಹಿಂದಿನ ವರ್ಷ 18 ಲಕ್ಷದ ಮೇಲಿದ್ದ ಹೆರಿಗೆ ಆ ವರ್ಷ 14 ಲಕ್ಷಕ್ಕೂ ಕಡಿಮೆ. ಈ 2026 ಮತ್ತೆ ಅದೇ ಬೆಂಕಿ ಕುದುರೆ. ತಮಾಷೆ ತಮಾಷೆಯಾಗಿಯೇ ಇರಲಿ.

ಬಾಬಿನ್‌ದಾರ, ಬಳ್ಳಾರಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಗಂಗಾವತಿ ಅಣ್ಣಾ, ನಿಮ್ಮ ಮಾತು ಒಪ್ಪಿದೆ. ಆದರೂ ಒಂದು ಹೇಳಲೇಬೇಕು. ಮೊಲದ ವರ್ಷ 2023 ಅಲ್ವಾ? ಅದೇ ವರ್ಷ ನನ್ನ ಮಷಿನ್‌ನ ಮೋಟಾರ್ ಎರಡು ಸಲ ಸುಟ್ಟಿತು. ಡ್ರ್ಯಾಗನ್ ವರ್ಷ 2024ರಲ್ಲಿ ಒಂದು ನೀಡಲ್ ಮುರಿದಿದ್ದು ಬಿಟ್ಟರೆ ಏನೂ ಇಲ್ಲ.

ಸುಮ್ನೆ ಒಬ್ಬ, ಗಂಗಾವತಿ

2024ರಲ್ಲಿ ಸ್ಟೆಬಿಲೈಜರ್ ಹಾಕಿಸಿದ್ರಾ?

ಬಾಬಿನ್‌ದಾರ, ಬಳ್ಳಾರಿ

ಹಾಕಿಸಿದ್ದೆ. ಬಿಡ್ರಿ ಆ ಮಾತು.

ಮನೆಯಲ್ಲಿ ಕುರಿ ಅಂತ ಹೇಳಿದೆ, ರಾತ್ರಿ ಊಟಕ್ಕೆ ತಣ್ಣನೆ ರೊಟ್ಟಿ ಬಂತು. ಮೇಕೆ ಅಂತ ತಿದ್ದಿದ ಮೇಲೂ ಅದೇ ರೊಟ್ಟಿ. ಆಯಮ್ಮನಿಗೆ ಮೊಲ ಅಂತ ಮೆಸೇಜ್ ಹಾಕಿ, ಜೂನ್ 1ರ ಕಥೆಯನ್ನೂ ಬರೆದೆ. ಅದೇನು ಅರ್ಥವಾಯಿತೋ, ನಿಮ್ಮ ಊರಿನವರೆಲ್ಲ ಒಂದೇ ದಿನ ಹುಟ್ಟುತ್ತೀರಾ ಅಂತ ಕೇಳಿದರು. ಆಯಮ್ಮನೂ ಮೊಲವೇ ಅಂತೆ, 1999ರದು. ಇಷ್ಟು ವರ್ಷ ಮೇಡಂ ಮೇಡಂ ಅಂತಿದ್ದೆ, ನನಗಿಂತ 11 ವರ್ಷ ಚಿಕ್ಕವರು!

ಜಾಕೆಟ್‌ನ ಡ್ರ್ಯಾಗನ್ ಬಿಚ್ಚೋಕಾಗಲ್ಲ. ಅಷ್ಟು ಒತ್ತಾಗಿ ಹೊಡೆದದ್ದನ್ನು ಬಿಚ್ಚಿದರೆ ಬಟ್ಟೆ ಜರಡಿ ಆಗುತ್ತದೆ. ಬೆನ್ನ ಮೇಲೆ ಅದು ಇರಲಿ, ಎದೆ ಜೇಬಿನ ಮೇಲೆ ಮೊಲ ಹಾಕುತ್ತೇನೆ. ಯಾರ ಹತ್ತಿರವಾದರೂ ಮೊಲದ ಡಿಎಸ್‌ಟಿ ಫೈಲ್ (ಎಂಬ್ರಾಯ್ಡರಿ ಮಷಿನ್‌ಗೆ ಹಾಕುವ ಡಿಸೈನ್ ಫೈಲ್) ಇದ್ದರೆ ಕಳಿಸ್ರಿ. ಮೂರು ಇಂಚಿನ ಒಳಗಿರಲಿ, ಎಂಟು ಸಾವಿರ ಸ್ಟಿಚ್ ದಾಟಬಾರದು.