ಇಂಡಿಕೇಟರ್ ಕಡ್ಡಿ ನಿಲ್ಲದಿದ್ದರೆ

ಚಿಕ್ಕಪ್ಪ, ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ನೋಡಿ. ಹಳೇ ಕಾರಿನ ಇಂಡಿಕೇಟರ್ ಕಡ್ಡಿ ಎಡಕ್ಕೆ ಹಾಕಿದರೆ ನಿಲ್ಲುವುದಿಲ್ಲ, ಬಲಕ್ಕೆ ಹಾಕಿದರೆ ತಿರುವು ಮುಗಿದರೂ ಆಫ್ ಆಗುವುದಿಲ್ಲ, ಸ್ಟೀರಿಂಗ್ ಕಾಲಂ, ಅಂದರೆ ಸ್ಟೀರಿಂಗ್ ಕೂತಿರುವ ಕಂಬ, ಪೂರ್ತಿ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಕಾಲಂಗೆ ಏನೂ ಆಗಿಲ್ಲ. ಹೋಗಿರುವುದು ಅದರ ಮೇಲೆ ಕೂತಿರುವ ಕಾಂಬಿನೇಷನ್ ಸ್ವಿಚ್, ಅಂದರೆ ಇಂಡಿಕೇಟರ್, ಹೆಡ್‌ಲೈಟ್, ವೈಪರ್ ಕಡ್ಡಿಗಳೆಲ್ಲ ಸೇರಿರುವ ಭಾಗ.

ಭಾವ ಫ್ಲ್ಯಾಷರ್ ಬದಲಿಸಿ ಅಂದಿದ್ದಾರೆ. ಭಾವ, ಫ್ಲ್ಯಾಷರ್ ಕೆಲಸ ಟಿಕ್ ಟಿಕ್ ಅಂತ ದೀಪ ಮಿನುಗಿಸುವುದು ಅಷ್ಟೇ. ಕಡ್ಡಿಯನ್ನು ಹಿಡಿದು ನಿಲ್ಲಿಸುವುದು ಸ್ವಿಚ್ ಒಳಗಿನ ಪ್ಲಾಸ್ಟಿಕ್ ಹಲ್ಲು. ಸ್ಟೀರಿಂಗ್ ವಾಪಸ್ ತಿರುಗುವಾಗ ಅದರ ಜೊತೆ ಸುತ್ತುವ ಒಂದು ಸಣ್ಣ ಚಾಚು ಬಂದು ಆ ಹಲ್ಲನ್ನು ತಳ್ಳುತ್ತದೆ, ಕಡ್ಡಿ ಟಕ್ ಅಂತ ನಡುವಿಗೆ ಬರುತ್ತದೆ. ಇಪ್ಪತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್, ಸವೆಯದೆ ಇನ್ನೇನು ಮಾಡುತ್ತದೆ?

ಹಾಂ, ಹಜಾರ್ಡ್ ಗುಂಡಿ (ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ ಹಾಕುವುದು) ಒತ್ತಿದರೆ ನಾಲ್ಕೂ ದೀಪ ಸರಿಯಾಗಿ ಮಿನುಗುತ್ತವಾ ನೋಡಿ. ಮಿನುಗಿದರೆ ಬಲ್ಬ್, ಅರ್ತ್ ಎಲ್ಲ ಚೆನ್ನಾಗಿವೆ ಅಂತ. ಒಂದು ಕಡೆ ಇಂಡಿಕೇಟರ್ ಹಾಕಿದಾಗ ಮಾತ್ರ ಟಿಕ್ ಟಿಕ್ ಸದ್ದು ವೇಗವಾಗಿ ಓಡಿದರೆ ಆ ಕಡೆಯ ಬಲ್ಬ್ ಹೋಗಿರುತ್ತದೆ, ಸುಮ್ನೆ ಸ್ವಿಚ್‌ಗೆ ದುಡ್ಡು ಹಾಕಬೇಡಿ.

ಈಗ ಮುಖ್ಯ ಪ್ರಶ್ನೆ. ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದೆಯಾ? ನಡುವಿನ ಪ್ಯಾಡ್ ಮೇಲೆ ಎಸ್‌ಆರ್‌ಎಸ್ ಅಂತಲೋ ಏರ್‌ಬ್ಯಾಗ್ ಅಂತಲೋ ಬರೆದಿದ್ದರೆ ಇದೆ ಅಂತ. ಆಗ ಆ ಪ್ಯಾಡನ್ನು ನೀವು ಮುಟ್ಟಬೇಡಿ, ಬಲ್ಲವರ ಕೈಯಲ್ಲಿ ಮಾಡಿಸಿ. ಬ್ಯಾಟರಿ ಬಿಚ್ಚಿದ ಮೇಲೂ ಅದರಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ, ಏರ್‌ಬ್ಯಾಗ್ ಸಿಡಿದುಬಿಡಬಹುದು. ಅದರ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ, ಏರ್‌ಬ್ಯಾಗ್‌ಗೆ ಕರೆಂಟ್ ಒಯ್ಯುವ ಪಟ್ಟಿ ಸುರುಳಿ ಬೇರೆ ಇರುತ್ತದೆ. ಬಿಚ್ಚಿದಾಗ ಅದು ಒಂದೆರಡು ಸುತ್ತು ಆಚೀಚೆ ಆಗಿಬಿಟ್ಟರೆ, ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಪಟ್ಟಿ ಹರಿಯುತ್ತದೆ. ಜಾಣತನ ತೋರಿಸುವ ಜಾಗ ಅಲ್ಲ ಅದು.

ಏರ್‌ಬ್ಯಾಗ್ ಇಲ್ಲದಿದ್ದರೆ ಧೈರ್ಯವಾಗಿ ಕೈ ಹಾಕಿ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಕಾಲಂ ಸುತ್ತ ಇರುವ ಪ್ಲಾಸ್ಟಿಕ್ ಕವರ್‌ನ ಸ್ಕ್ರೂಗಳು ಕೆಳಗಿನಿಂದ ಸಿಗುತ್ತವೆ. ಕವರ್ ಬಿಚ್ಚಿ ಒಮ್ಮೆ ಇಣುಕಿ ನೋಡಿ. ಕೆಲವು ಗಾಡಿಗಳಲ್ಲಿ ಎರಡು ಸ್ಕ್ರೂ ತೆಗೆದರೆ ಕಡ್ಡಿಯ ಭಾಗ ಮಾತ್ರ ಪಕ್ಕಕ್ಕೆ ಜಾರಿ ಬರುತ್ತದೆ, ಸ್ಟೀರಿಂಗ್ ಮುಟ್ಟುವ ಗೋಜೇ ಇಲ್ಲ. ನಿಮ್ಮದೂ ಹಾಗಿದ್ದರೆ ಅರ್ಧ ಗಂಟೆ ಕೆಲಸ.

ಹಾಗೆ ಬರದಿದ್ದರೆ ಸ್ಟೀರಿಂಗ್ ಬಿಚ್ಚಲೇಬೇಕು. ಇಲ್ಲೇ ನಾನು ಏಟು ತಿಂದದ್ದು. ಚಕ್ರ ನೇರ ಮಾಡಿಕೊಂಡೆ, ಹಾರ್ನ್ ಪ್ಯಾಡ್ ತೆಗೆದೆ, ನಟ್ ಪೂರ್ತಿ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದೆ, ಅಲ್ಲಾಡಿಸಿ ಎಳೆದೆ, ಬರಲಿಲ್ಲ. ಸಿಟ್ಟು ಬಂದು ಜೋರಾಗಿ ಜಗ್ಗಿದೆ ನೋಡಿ, ಸ್ಟೀರಿಂಗ್ ನೇರ ಬಂದು ಮೂಗಿಗೆ! ಒಂದು ವಾರ ಮೂಗು ಬದನೆಕಾಯಿ ಬಣ್ಣ. ನೀವು ಆ ತಪ್ಪು ಮಾಡಬೇಡಿ. ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತು ಥ್ರೆಡ್‌ನಲ್ಲಿ ಹಾಗೇ ಬಿಡಿ. ಸ್ಟೀರಿಂಗ್ ಕಿತ್ತು ಬಂದರೂ ನಟ್ ತಡೆಯುತ್ತದೆ. ಬಿಗಿ ಜಾಸ್ತಿ ಇದ್ದರೆ ಪುಲ್ಲರ್ (ಸ್ಟೀರಿಂಗ್ ಎಳೆದು ತೆಗೆಯುವ ಸಾಧನ) ಹಾಕಿ. ಸುತ್ತಿಗೆಯಿಂದ ಶಾಫ್ಟ್, ಅಂದರೆ ಸ್ಟೀರಿಂಗ್ ಕೂತಿರುವ ನಡುವಿನ ಸರಳು, ಕುಟ್ಟಬೇಡಿ, ಅಪಘಾತದಲ್ಲಿ ಕುಸಿಯಲಿ ಅಂತಲೇ ಮಾಡಿದ ಕಾಲಂಗಳಿರುತ್ತವೆ, ಪೆಟ್ಟು ಬಿದ್ದರೆ ಹಾಳಾಗುತ್ತವೆ.

ಎಳೆಯುವ ಮೊದಲು ಶಾಫ್ಟಿನ ತುದಿಗೂ ಸ್ಟೀರಿಂಗಿಗೂ ಸೇರಿಸಿ ಒಂದು ಗೆರೆ ಬಳಿಯಿರಿ. ಉಗುರಿಗೆ ಹಚ್ಚುವ ಬಣ್ಣ ಸಾಕು, ಚಿಕ್ಕಮ್ಮನ ಹತ್ತಿರ ಕೇಳಿ. ಶಾಫ್ಟಿನ ಹಲ್ಲು ಒಂದು ತಪ್ಪಿದರೂ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ವಾರೆ ಕಾಣುತ್ತದೆ. ಜಾಸ್ತಿ ತಪ್ಪಿದರೆ ಇಂಡಿಕೇಟರ್ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಆಫ್ ಆಗುತ್ತದೆ.

ಒಳಗೆ ಸ್ವಿಚ್ ಕಾಣುತ್ತದೆ. ಕಪ್ಲರ್ (ವೈರ್‌ಗಳು ಸ್ವಿಚ್‌ಗೆ ಸೇರುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚುವಾಗ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಸ್ಟೀರಿಂಗ್ ಹಿಂಬದಿಯ ಆ ಚಾಚು ಮುರಿದಿದೆಯಾ ಅಂತಲೂ ನೋಡಿ. ಮುರಿದಿದ್ದರೆ ಹೊಸ ಸ್ವಿಚ್ ಹಾಕಿದರೂ ಇಂಡಿಕೇಟರ್ ತಾನಾಗಿ ಆಫ್ ಆಗುವುದಿಲ್ಲ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿ ಇಟ್ಟು ಕಪ್ಲರ್‌ನ ಪಿನ್ ಎಣಿಸಿ. ಫಾಗ್ ಲೈಟ್, ಹಿಂದಿನ ವೈಪರ್ ಇರುವ ಗಾಡಿಯದು ಹೊರಗೆ ಒಂದೇ ತರಹ ಕಂಡರೂ ಒಳಗೆ ಬೇರೆ ಇರುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಹಳೇ ಕಪ್ಲರ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ, ಹೆಡ್‌ಲೈಟ್ ಕರೆಂಟ್ ನೇರ ಈ ಸ್ವಿಚ್ ಮೂಲಕವೇ ಹೋಗುತ್ತಿದೆ ಅಂತ ಅನುಮಾನ ಪಡಿ. 60 ವ್ಯಾಟ್‌ನ ಎರಡು ಬಲ್ಬ್ ಅಂದರೆ 12 ವೋಲ್ಟ್‌ಗೆ 10 ಆಂಪಿಯರ್. ಅದರ ಮೇಲೆ ಯಾರಾದರೂ 100 ವ್ಯಾಟ್ ಬಲ್ಬ್ ಹಾಕಿದ್ದರೆ ಕೇಳುವುದೇ ಬೇಡ. ಹೆಡ್‌ಲೈಟ್‌ಗೆ ರಿಲೇ, ಅಂದರೆ ಜಾಸ್ತಿ ಕರೆಂಟನ್ನು ಸ್ವಿಚ್ ಬದಲು ತಾನೇ ಹೊರುವ ಸಾಧನ, ಹಾಕಿಸಿ, ಇಲ್ಲದಿದ್ದರೆ ಹೊಸ ಸ್ವಿಚ್ ಕೂಡ ಅದೇ ದಾರಿ ಹಿಡಿಯುತ್ತದೆ.

ಕವರ್ ಮುಚ್ಚುವ ಮೊದಲು ಬ್ಯಾಟರಿ ಕೊಟ್ಟು ಎಡ, ಬಲ, ಡಿಮ್, ಬ್ರೈಟ್, ಹಾರ್ನ್ ಎಲ್ಲ ನೋಡಿ. ಸ್ಟೀರಿಂಗ್ ನಟ್ ಮಾತ್ರ ಕೈ ಅಂದಾಜಿಗೆ ಬಿಡಬೇಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಟಾರ್ಕ್ ರೆಂಚ್‌ನಲ್ಲೇ (ಬಿಗಿ ಎಷ್ಟು ಅಂತ ಅಳೆದು ಹೇಳುವ ಪಾನ) ಬಿಗಿ ಮಾಡಿ. ಮೊದಲು ಆ ನಡುವಿನ ಪ್ಯಾಡ್‌ದು ಒಂದು ಫೋಟೋ ಹಾಕಿ, ಏರ್‌ಬ್ಯಾಗ್ ಇದೆಯಾ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಸ್ಪ್ಯಾನರ್ ಕೆಳಗಿಡಿ.