ಗ್ವಾ ಶಾ ಮಾಡಿದ ಮೇಲೆ ದವಡೆಯಲ್ಲಿ ಕೆಂಪು ಗೆರೆ, ಹಣೆಯಲ್ಲಿ ಗುಳ್ಳೆ: ಏನು ತಪ್ಪಾಗ್ತಿದೆ?

ಪ್ರಶ್ನೆ:
ರೋಸ್ ಕ್ವಾರ್ಟ್ಜ್ ಕಲ್ಲಿನಿಂದ ದಿನಾ ರಾತ್ರಿ ಮುಖಕ್ಕೆ ಗ್ವಾ ಶಾ (ಚರ್ಮದ ಮೇಲೆ ಕಲ್ಲು ಎಳೆಯುವ ಮಸಾಜ್) ಮಾಡ್ತಿದ್ದೀನಿ, ಕೊಬ್ಬರಿ ಎಣ್ಣೆ ಹಚ್ಚಿ. ದವಡೆಯ ಅಂಚಲ್ಲಿ ಕೆಂಪು ಚುಕ್ಕೆಗಳ ಗೆರೆ ಬಿದ್ದಿದೆ, ಹಣೆ ತುಂಬಾ ಸಣ್ಣ ಗುಳ್ಳೆ. ವಿಡಿಯೊಗಳಲ್ಲಿ ಬೆನ್ನು ಕೆಂಪಾದಷ್ಟೂ ಒಳ್ಳೇದು ಅಂತಾರೆ. ಮುಂದುವರಿಸಬಹುದಾ?

ಉತ್ತರ 1:
ಸದ್ಯಕ್ಕೆ ಬೇಡ. ಗೆರೆ, ಗುಳ್ಳೆ ಎರಡೂ ಪೂರ್ತಿ ಹೋಗಲಿ.

ಬೆನ್ನಿನ ಲೆಕ್ಕ ಮುಖಕ್ಕೆ ನಡೆಯಲ್ಲ. ಚೀನಾದ ಹಳೆಯ ಪದ್ಧತಿಯಲ್ಲಿ ಪಿಂಗಾಣಿ ಚಮಚ, ನಾಣ್ಯ ಅಥವಾ ಎಮ್ಮೆ ಕೊಂಬಿನ ತುಂಡಿನಿಂದ ಬೆನ್ನು, ಭುಜಗಳನ್ನು ಒತ್ತಿ ಕೆರೆಯುತ್ತಾರೆ. ಸೂಕ್ಷ್ಮ ರಕ್ತನಾಳ ಒಡೆದು ಚರ್ಮದಡಿ ರಕ್ತ ಜಿನುಗಿ ಚುಕ್ಕೆಗಳೇಳುತ್ತವೆ, ಸಾಮಾನ್ಯವಾಗಿ ವಾರದೊಳಗೆ ಮಾಸುತ್ತವೆ. ಮುಖದಲ್ಲಿ ಅದೇ ಚುಕ್ಕೆ ಬಂತೆಂದರೆ ಒತ್ತಡ ಮಿತಿಮೀರಿದೆ. ನಮ್ಮ ಮೈಬಣ್ಣಕ್ಕೆ ಪದೇ ಪದೇ ಹೀಗಾದರೆ ಕಪ್ಪು ಕಲೆಯಾಗಿ ಉಳಿಯುವ ಅಪಾಯವೂ ಇದೆ.

ಬಹುಶಃ ನೀವು ಕಲ್ಲನ್ನು ನೆಟ್ಟಗೆ ಹಿಡಿಯುತ್ತಿದ್ದೀರಿ. ಮುಖಕ್ಕೆ ಚರ್ಮದಿಂದ ಸುಮಾರು 15 ಡಿಗ್ರಿ, ಅಂದರೆ ಬಹುತೇಕ ಮಲಗಿಸಿದ ಹಾಗೆ ಇರಬೇಕು. ಇನ್ನೊಂದು ಕೈಯಿಂದ ಗದ್ದದ ಹತ್ತಿರ ಚರ್ಮ ಹಿಡಿದುಕೊಂಡು ಕಲ್ಲನ್ನು ಕಿವಿಯ ಕಡೆಗೆ ಎಳೆಯಿರಿ. ಹಿಡಿಯದಿದ್ದರೆ ಚರ್ಮ ಸುಕ್ಕಾಗಿ ಕಲ್ಲಿನ ಜೊತೆ ಎಳೆದಾಡುತ್ತದೆ. ಒಂದು ಜಾಗಕ್ಕೆ 5 ಸಲ, ಒಟ್ಟು 5 ನಿಮಿಷ, ವಾರಕ್ಕೆ ಎರಡು ಮೂರು ದಿನ. ಕಣ್ಣಿನ ಕೆಳಗೆ ಕಲ್ಲಿನ ತೂಕವೇ ಸಾಕು. ಕತ್ತಿನ ಮುಂಭಾಗ, ನಾಡಿ ಮಿಡಿಯುವ ಪಕ್ಕಗಳನ್ನು ಒತ್ತಲೇಬೇಡಿ.

ಉತ್ತರ 2:
ಗುಳ್ಳೆಗೆ ಮೊದಲ ಅನುಮಾನ ಕೊಬ್ಬರಿ ಎಣ್ಣೆ ಮೇಲೆ. ಅದು ಹಲವರ ಮುಖದ ರಂಧ್ರ ಕಟ್ಟಿಸುತ್ತದೆ. ಸ್ಕ್ವಾಲೇನ್ ಅಥವಾ ಜೊಜೊಬಾ ಎಣ್ಣೆ 4-5 ಹನಿ ಹಾಕಿ ನೋಡಿ, ಕಲ್ಲು ತಡೆದಂತಾದರೆ ಇನ್ನೊಂದು ಹನಿ. ಗುಳ್ಳೆ ಇರುವಾಗ ಆ ಜಾಗದ ಮೇಲೆ ಎಳೆದರೆ ಕೀವು ಅಕ್ಕಪಕ್ಕಕ್ಕೂ ಹರಡಬಹುದು.

ಕಲ್ಲಿನ ಅಂಚನ್ನೂ ಪರೀಕ್ಷಿಸಿ: ಹತ್ತಿ ಉಂಡೆ ಮೇಲೆ ಎಳೆಯಿರಿ, ಎಳೆ ಸಿಕ್ಕಿಕೊಂಡರೆ ಅಂಚು ಒಡೆದಿದೆ. ಕೈಜಾರಿ ಬಚ್ಚಲಲ್ಲಿ ಒಮ್ಮೆ ಬಿದ್ದರೂ ಕಣ್ಣಿಗೆ ಕಾಣದ ಚೂರು ಹಾರಿರಬಹುದು. ಪಾಲಿಶ್ ಪೇಪರಿನಲ್ಲಿ ಉಜ್ಜಿ ಸರಿಮಾಡುವ ಸಾಹಸ ಬೇಡ, ಬದಲಾಯಿಸಿ. ಪ್ರತಿ ಸಲ ಸೋಪು ನೀರಲ್ಲಿ ತೊಳೆದು ಒರೆಸಿಡಿ. ಕುದಿಸಬೇಡಿ, ಬಿಸಿಗೆ ಕಲ್ಲು ಬಿರುಕು ಬಿಡಬಹುದು. ಕುದಿಸಿಯೇ ಶುಚಿ ಮಾಡಬೇಕು ಅನ್ನುವವರಿಗೆ ಸ್ಟೀಲಿನದೇ ವಾಸಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಕಲ್ಲು ನೆಟ್ಟಗೇ ಹಿಡೀತಿದ್ದೆ. ಇನ್ನೊಂದು, ಅಮ್ಮನಿಗೆ ಭುಜ ಹಿಡಿದುಕೊಂಡಿದೆ, ಅವರಿಗೆ ಬೆನ್ನಿಗೆ ಮಾಡಬಹುದಾ? ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಕ್ಲೊಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ) ತಗೋತಾರೆ.

ಉತ್ತರ 1:
ಬೇಡ. ಕ್ಲೊಪಿಡೋಗ್ರೆಲ್, ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಸುಲಭವಾಗಿ ನಿಲ್ಲುವುದಿಲ್ಲ; ಚುಕ್ಕೆ ಬೀಳಬೇಕಾದ ಕಡೆ ದೊಡ್ಡ ನೀಲಿ ಬಾವು ಕಟ್ಟಬಹುದು. ಗ್ವಾ ಶಾ ಮಾಡಬೇಕೆಂದು ಮಾತ್ರೆ ತಪ್ಪಿಸುವುದಂತೂ ಕೂಡದು, ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ. ಬಿಸಿನೀರಿನ ಶಾಖ ಕೊಡಿ. ನೋವು ಎಡಭುಜದಲ್ಲಿದ್ದು ನಡೆದಾಗ ಹೆಚ್ಚುತ್ತಿದ್ದರೆ, ಅಥವಾ ಎದೆಬಿಗಿತ, ಬೆವರು ಜೊತೆಗಿದ್ದರೆ ಶಾಖಕ್ಕೂ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಉತ್ತರ 2:
ಇದನ್ನೂ ಸೇರಿಸಿಬಿಡ್ತೀನಿ: ಚೀನಾ, ವಿಯೆಟ್ನಾಂ ಕಡೆ ಜ್ವರಕ್ಕೂ ಬೆನ್ನು ಕೆರೆಯುವ ರೂಢಿ ಇದೆ, ಅದನ್ನು ನೋಡಿ ಮಳೆಗಾಲದ ಜ್ವರಕ್ಕೆ ಇಲ್ಲಿ ಮಾಡಬೇಡಿ. ಡೆಂಗಿ ಆಗಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರಬಹುದು, ಆಗ ಚರ್ಮದಡಿ ರಕ್ತಸ್ರಾವ ಹೆಚ್ಚುತ್ತದೆ. ಮೇಲಾಗಿ ಡಾಕ್ಟರು ಮೈಮೇಲೆ ಹುಡುಕುವುದೇ ಅಂಥ ಕೆಂಪು ಚುಕ್ಕೆಗಳನ್ನು. ಯಾವುದು ರೋಗದ್ದು, ಯಾವುದು ಕೆರೆದದ್ದು ಅಂತ ಅವರಿಗೂ ತಿಳಿಯಲ್ಲ.